ತಲೆಗೆ ಪೆಟ್ಟು ಬಿದ್ದವನ ಪ್ಯಾಂಟು ಯಾಕೆ ಗಿಡ್ಡ ಆಗಲಿಲ್ಲ?



ಒಬ್ಬ ಹುಡುಗ ಇದ್ದಾನೆ ಅಂತ ಇಟ್ಟುಕೊಳ್ಳಿ. ಜಹೀರಾಬಾದಿನವನೋ, ನಾರಾಯಣಖೇಡದವನೋ, ತಾಂಡೂರಿನವನೋ, ನಿಮ್ಮ ಊರಿನ ಹೆಸರನ್ನೇ ಹಾಕಿಕೊಳ್ಳಿ. ಎಂಟನೇ ತರಗತಿ. ಮಾವನ ಗಾಡಿಯ ಹಿಂದೆ ಕುಳಿತು ಸಂತೆಗೆ ಹೋಗುತ್ತಿದ್ದಾಗ ಗಾಡಿ ಜಾರಿತು. ಹೆಲ್ಮೆಟ್ ಇರಲಿಲ್ಲ. ತಲೆ ರಸ್ತೆಗೆ ಬಡಿಯಿತು. ಎರಡು ದಿನ ಎಚ್ಚರವೇ ಇರಲಿಲ್ಲ. ಮೂರನೇ ದಿನ ಕಣ್ಣು ಬಿಟ್ಟು "ಅವ್ವಾ" ಅಂದ. ಹೊಲಿಗೆ ಬಿಚ್ಚಿದರು, ಮನೆಗೆ ಕಳಿಸಿದರು. ಒಂದೂವರೆ ತಿಂಗಳಿಗೆ ಶಾಲೆಗೂ ಬಂದ. ಗಾಯದ ಗುರುತಿನ ಮೇಲೆ ಕೂದಲು ಬೆಳೆಯಿತು. ಎಲ್ಲರಿಗೂ ನೆಮ್ಮದಿ.

ಆದರೆ ಹುಡುಗ ಮೊದಲಿನ ಹಾಗಿಲ್ಲ. ಕಬಡ್ಡಿ ಬಿಟ್ಟ. ಎರಡನೇ ಪೀರಿಯಡ್ಡಿಗೇ ಬೆಂಚಿನ ಮೇಲೆ ತಲೆ ಇಡುತ್ತಾನೆ. ಬಿಸಿಲಿದ್ದರೂ ಚಳಿ ಅನ್ನುತ್ತಾನೆ. ಒಂದು ವರ್ಷ ಕಳೆದರೂ ಹಳೇ ಪ್ಯಾಂಟು ಹಾಗೇ ಸರಿಹೋಗುತ್ತಿದೆ. ಜೊತೆಯ ಹುಡುಗರದೆಲ್ಲ ಹಿಮ್ಮಡಿಯಿಂದ ಒಂದು ಗೇಣು ಮೇಲೆ ಹೋಗಿದೆ. ಮನೆಯಲ್ಲಿ ಮುತ್ಯಾ ಅನ್ನುತ್ತಾರೆ, "ತೆಲಿಗಿ ಪೆಟ್ಟ ಬಿದ್ದಾಗಿಂದ ಹುಡುಗ ಸೋಮಾರಿ ಆಗ್ಯಾನ ನೋಡು." ಶಾಲೆಯಲ್ಲಿ ಮೇಷ್ಟ್ರೂ ಅದನ್ನೇ ಅನ್ನುತ್ತಾರೆ. ನಾನೂ ಮೇಷ್ಟ್ರೇ. ತರಗತಿಯಲ್ಲಿ ತೂಕಡಿಸುವ ಮಕ್ಕಳಿಗೆ ಈ ಮಾತನ್ನು ನಾನೂ ಬೇಕಾದಷ್ಟು ಸಲ ಅಂದಿದ್ದೇನೆ. ಯಾರ ತಲೆಗೆ ಯಾವಾಗ ಪೆಟ್ಟು ಬಿದ್ದಿತ್ತು ಅಂತ ಒಮ್ಮೆಯೂ ಕೇಳಲಿಲ್ಲ.

ಪೆಟ್ಟು ಬಿದ್ದದ್ದು ತಲೆಗೆ. ಹಾಗಿದ್ದಾಗ ಕಾಲಿನ ಮೂಳೆ ಬೆಳೆಯುವುದು ಯಾಕೆ ನಿಂತಿತು? ಇವತ್ತಿನ ಪಾಠ ಇದೇ.

ಜೀನಿನ ಮೇಲೆ ಕುಳಿತ ಗ್ರಂಥಿ

ನಿಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿ ನಿರ್ನಾಳ ಗ್ರಂಥಿಗಳ ಚಿತ್ರ ಇದೆ. ತಲೆಯ ಒಳಗೆ ಒಂದು ಚುಕ್ಕಿ ಹಾಕಿ "ಪಿಟ್ಯುಟರಿ ಗ್ರಂಥಿ" ಅಂತ ಬರೆದಿರುತ್ತಾರೆ. ಪರೀಕ್ಷೆಗೆ ನಾವು "ನಾಯಕ ಗ್ರಂಥಿ" ಅಂತ ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಇವತ್ತು ಅಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ.

ಅದರ ತೂಕ ಸುಮಾರು ಅರ್ಧ ಗ್ರಾಂ. ತಾಂಡೂರಿನ ತೊಗರಿಕಾಳಿಗಿಂತ ದೊಡ್ಡದು, ನೆನೆಸಿದ ಕಡಲೆಕಾಳಿನಷ್ಟು. ಮೂಗಿನ ಬುಡದ ನೇರಕ್ಕೆ, ಎರಡು ಕಣ್ಣುಗಳ ಹಿಂದೆ, ಮಿದುಳಿನ ತಳದಲ್ಲಿ ಇರುತ್ತದೆ. ಅಲ್ಲಿನ ಮೂಳೆಯಲ್ಲಿ ಕುದುರೆಯ ಜೀನಿನ ಆಕಾರದ ಒಂದು ತಗ್ಗು ಇದೆ. ಹಳೆಯ ಅಂಗರಚನಾ ತಜ್ಞರು ಅದಕ್ಕೆ "ಟರ್ಕಿಯ ಜೀನು" ಅಂತಲೇ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಸೆಲ್ಲಾ ಟರ್ಸಿಕಾ. ಸವಾರ ಜೀನಿನ ಮೇಲೆ ಕೂತ ಹಾಗೆ ಗ್ರಂಥಿ ಅದರಲ್ಲಿ ಕುಳಿತಿದೆ.

ಹೆಸರಿನದೂ ಒಂದು ಕಥೆ ಇದೆ. ಲ್ಯಾಟಿನ್‌ನಲ್ಲಿ ಪಿಟ್ಯುಟಾ ಅಂದರೆ ಸಿಂಬಳ, ಕಫ. ಮಿದುಳಿನಲ್ಲಿ ಆದ ಕಫ ಈ ಗ್ರಂಥಿಯ ಮೂಲಕ ಮೂಗಿಗೆ ಇಳಿಯುತ್ತದೆ ಅಂತ ನೂರಾರು ವರ್ಷ ನಂಬಿದ್ದರು. 1543ರಲ್ಲಿ ಮನುಷ್ಯ ದೇಹದ ದೊಡ್ಡ ಪುಸ್ತಕ ಬರೆದ ವೆಸಾಲಿಯಸ್ ಕೂಡ ಹಾಗೇ ನಂಬಿದ್ದ. 17ನೇ ಶತಮಾನದಲ್ಲಿ ಅದು ಸುಳ್ಳು ಅಂತ ಗೊತ್ತಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು. ದೇಹದ ಇಷ್ಟು ಮುಖ್ಯವಾದ ಗ್ರಂಥಿಯನ್ನು ನಾವು ಇವತ್ತಿಗೂ "ಸಿಂಬಳದ ಗ್ರಂಥಿ" ಅಂತ ಕರೆಯುತ್ತಿದ್ದೇವೆ!

ಈ ಗ್ರಂಥಿ ಮಿದುಳಿಗೆ ಅಂಟಿಕೊಂಡಿಲ್ಲ. ಮೇಲೆ ಹೈಪೋಥಲಾಮಸ್ ಅನ್ನುವ ಭಾಗ ಇದೆ. ಅಲ್ಲಿಂದ ಒಂದು ತೆಳ್ಳನೆಯ ತೊಟ್ಟು ಇಳಿದು ಬಂದು ಅದರ ತುದಿಗೆ ಗ್ರಂಥಿ ಜೋತುಬಿದ್ದಿದೆ. ಮಾವಿನಕಾಯಿ ಟೊಂಗೆಗೆ ತೊಟ್ಟಿನಿಂದ ಜೋತಾಡುವ ಹಾಗೆ. ಈ ತೊಟ್ಟನ್ನು ನೆನಪಿಟ್ಟುಕೊಳ್ಳಿ.

ಚೀಟಿ ಕಳಿಸುವ ಕೆಲಸ

ಪಿಟ್ಯುಟರಿ ಮಾಡುವ ಕೆಲಸ ಏನು? ಹೆಚ್ಚಾಗಿ ಚೀಟಿ ಕಳಿಸುವುದು. ಶಾಲೆಯಲ್ಲಿ ಹೆಡ್ಮಾಸ್ಟರ್ ಆಫೀಸಿನಿಂದ ತರಗತಿಗಳಿಗೆ ಚೀಟಿ ಬರುತ್ತದಲ್ಲ, ಹಾಗೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ ಟಿಎಸ್‌ಎಚ್ ಅನ್ನುವ ಚೀಟಿ ಹೋದರೆ ಅದು ಥೈರಾಕ್ಸಿನ್ ತಯಾರಿಸುತ್ತದೆ. ಮೂತ್ರಪಿಂಡದ ಮೇಲೆ ಟೊಪ್ಪಿಗೆಯ ಹಾಗೆ ಕೂತ ಅಡ್ರಿನಲ್ ಗ್ರಂಥಿಗೆ ಎಸಿಟಿಎಚ್ ಚೀಟಿ ಹೋದರೆ ಕಾರ್ಟಿಸಾಲ್ ಬರುತ್ತದೆ. ಅಂಡಾಶಯ, ವೃಷಣಗಳಿಗೆ ಬೇರೆ ಎರಡು ಚೀಟಿ. ನೀವು ಈಗ ದೊಡ್ಡವರಾಗುತ್ತಿರುವುದು, ಧ್ವನಿ ಒಡೆಯುವುದು, ಮೀಸೆ ಚಿಗುರುವುದು, ಮುಟ್ಟು ಶುರುವಾಗುವುದು ಎಲ್ಲ ಆ ಚೀಟಿಗಳಿಂದಲೇ. ಬೆಳವಣಿಗೆಯ ಹಾರ್ಮೋನನ್ನು ಪಿಟ್ಯುಟರಿ ತಾನೇ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದೂ ಹೆಚ್ಚಾಗಿ ನೀವು ಗಾಢ ನಿದ್ದೆಯಲ್ಲಿ ಇರುವಾಗ. ಇವೆಲ್ಲ ಮುಂಭಾಗದ ಕೆಲಸ. ಹಿಂಭಾಗದಿಂದ ಬರುವುದು ಮುಖ್ಯವಾಗಿ ಎಡಿಎಚ್, ಅಂದರೆ ಮೂತ್ರಪಿಂಡಕ್ಕೆ "ನೀರು ಹಿಡಿದಿಟ್ಟುಕೋ" ಅಂತ ಹೇಳುವ ಹಾರ್ಮೋನು.

ಚೀಟಿ ವ್ಯವಸ್ಥೆಯಲ್ಲಿ ಒಂದು ಜಾಣತನ ಇದೆ. ಥೈರಾಕ್ಸಿನ್ ಸಾಕಷ್ಟು ಬಂದಿದೆ ಅಂತ ರಕ್ತದಿಂದ ಗೊತ್ತಾದರೆ ಪಿಟ್ಯುಟರಿ ಚೀಟಿ ಕಡಿಮೆ ಮಾಡುತ್ತದೆ. ಸಾಲದಿದ್ದರೆ ಚೀಟಿಯ ಮೇಲೆ ಚೀಟಿ ಕಳಿಸುತ್ತದೆ. ಹಾಗಾಗಿ ಥೈರಾಯ್ಡ್ ಗ್ರಂಥಿಯೇ ಕೆಟ್ಟವರ ರಕ್ತದಲ್ಲಿ ಟಿಎಸ್‌ಎಚ್ ಹೆಚ್ಚಾಗಿರುತ್ತದೆ. ನಿಮ್ಮ ಓಣಿಯಲ್ಲೂ ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವವರು ಯಾರಾದರೂ ಇರಬಹುದು. ಅವರ ರಿಪೋರ್ಟಿನಲ್ಲಿ ಇದನ್ನು ನೋಡಬಹುದು.

ಹೆಡ್ಮಾಸ್ಟರೇ ಕಾಯಿಲೆ ಬಿದ್ದರೆ? ತರಗತಿಯಲ್ಲಿ ಕೆಲಸ ನಿಂತಿರುತ್ತದೆ, ಚೀಟಿಯೂ ಹೋಗುವುದಿಲ್ಲ. ಥೈರಾಕ್ಸಿನ್ ಕಡಿಮೆ, ಟಿಎಸ್‌ಎಚ್ ಕೂಡ ಕಡಿಮೆ, ಅಥವಾ ನೋಡಲು ನಾರ್ಮಲ್. ಬರೀ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ "ಎಲ್ಲ ಸರಿ ಅದ" ಅಂತ ಮನೆಗೆ ಬಂದರೆ ಕಾಯಿಲೆ ಒಳಗೇ ಉಳಿಯಿತು. ಪಿಟ್ಯುಟರಿಯ ಮೇಲೆ ಅನುಮಾನ ಇದ್ದಾಗ ಥೈರಾಕ್ಸಿನ್ನನ್ನೇ ಅಳೆಯಬೇಕು. ರಿಪೋರ್ಟಿನಲ್ಲಿ ಅದನ್ನು ಫ್ರೀ ಟಿ4 ಅಂತ ಬರೆದಿರುತ್ತಾರೆ. ಇದು ನಿಮ್ಮ ಪರೀಕ್ಷೆಗೆ ಬರುವ ಪ್ರಶ್ನೆ ಅಲ್ಲ. ಆದರೂ ತಿಳಿದಿರಲಿ.

ಪೆಟ್ಟು ಅಲ್ಲಿಗೆ ಹೇಗೆ ಮುಟ್ಟಿತು?

ಮಿದುಳು ಗಟ್ಟಿ ವಸ್ತು ಅಲ್ಲ. ಮೊಸರಿಗಿಂತ ಸ್ವಲ್ಪ ಗಟ್ಟಿ ಅನ್ನಬಹುದು. ತುಂಬಿದ ಗಡಿಗೆಯನ್ನು ಹಿಡಿದು ಓಡುತ್ತಾ ಥಟ್ಟನೆ ನಿಂತರೆ ಗಡಿಗೆ ನಿಲ್ಲುತ್ತದೆ, ಮೊಸರು ನಿಲ್ಲುವುದಿಲ್ಲ. ಜಡತ್ವದ ನಿಯಮ ಓದಿದ್ದೀರಲ್ಲ, ಅದೇ. ತಲೆ ರಸ್ತೆಗೆ ಬಡಿದಾಗ ಬುರುಡೆ ನಿಂತಿತು, ಮಿದುಳು ಮುಂದಕ್ಕೆ ಸರಿಯಿತು, ತಿರುಚಿತು, ಹಿಂದಕ್ಕೆ ಬಂತು. ಆದರೆ ಪಿಟ್ಯುಟರಿ ಮೂಳೆಯ ಜೀನಿನಲ್ಲಿ ಸಿಕ್ಕಿಕೊಂಡಿದೆ, ಅದು ಮಿದುಳಿನ ಜೊತೆ ಸರಿಯಲಾರದು. ಹೀಗೆ ಮೇಲಿನದು ಸರಿದು ಕೆಳಗಿನದು ನಿಂತಾಗ ಎಳೆತ ಎಲ್ಲ ಬೀಳುವುದು ನಡುವಿನ ತೊಟ್ಟಿನ ಮೇಲೆ.

ತೊಟ್ಟು ಪೂರ್ತಿ ಕಡಿದುಹೋಗುವುದು ಅಪರೂಪ. ಆದರೆ ಅದರಲ್ಲಿ ಬಹಳ ಸಣ್ಣ ರಕ್ತನಾಳಗಳು ಇಳಿಯುತ್ತವೆ. ಪಿಟ್ಯುಟರಿಯ ಮುಂಭಾಗಕ್ಕೆ ಹೆಚ್ಚಿನ ರಕ್ತ ಬರುವುದು ಇವುಗಳಿಂದಲೇ. ಇದು ಹೊಸ ರಕ್ತವೂ ಅಲ್ಲ, ಮೊದಲು ಹೈಪೋಥಲಾಮಸ್‌ನಲ್ಲಿ ಹರಿದು ಆಮೇಲೆ ಇಲ್ಲಿಗೆ ಇಳಿದ ರಕ್ತ. ಕಾಲುವೆಯ ಕೊನೆಯ ಹೊಲದ ಸ್ಥಿತಿ ನಿಮಗೆ ಗೊತ್ತಲ್ಲ? ಮೇಲಿನ ಹೊಲದವರು ಹಾಯಿಸಿಕೊಂಡ ಮೇಲೆ ಉಳಿದ ನೀರು ಬರಬೇಕು. ಕಾಲುವೆ ಎಲ್ಲಿ ಒಡೆದರೂ ಮೊದಲು ಒಣಗುವುದು ಆ ಹೊಲ. ತೊಟ್ಟು ಜಗ್ಗಿದರೆ, ಮಿದುಳು ಬಾತು ಒತ್ತಿದರೆ, ಬಹಳ ರಕ್ತ ಹೋಗಿ ಬಿಪಿ ಬಿದ್ದರೆ, ಈ ನಾಳಗಳಲ್ಲಿ ರಕ್ತ ನಿಲ್ಲುತ್ತದೆ. ಗ್ರಂಥಿಯ ಜೀವಕೋಶಗಳು ಸಾಯುತ್ತವೆ. ಬೆಳವಣಿಗೆಯ ಹಾರ್ಮೋನು ತಯಾರಿಸುವ ಕೋಶಗಳು ಗ್ರಂಥಿಯ ಎರಡು ಪಕ್ಕಗಳಲ್ಲಿ ಇರುತ್ತವೆ. ಅವು ಹೆಚ್ಚಾಗಿ ಈ ಉದ್ದನೆಯ ನಾಳಗಳನ್ನೇ ನಂಬಿಕೊಂಡಿವೆ. ಹಾಗಾಗಿ ಹೆಚ್ಚು ಜನರಲ್ಲಿ ಕೊರತೆ ಬೀಳುವ ಹಾರ್ಮೋನುಗಳಲ್ಲಿ ಅದೂ ಒಂದು. ನಮ್ಮ ಹುಡುಗನ ಪ್ಯಾಂಟು ಗಿಡ್ಡ ಆಗದೇ ಉಳಿದದ್ದು ಇದಕ್ಕೇ.

ಈ ಗ್ರಂಥಿಗೆ ರಕ್ತದ ಆಸರೆ ಎಷ್ಟು ನಾಜೂಕು ಅನ್ನುವುದಕ್ಕೆ ಇನ್ನೆರಡು ಉದಾಹರಣೆ ಕೊಡುತ್ತೇನೆ. ತಲೆಗೆ ಪೆಟ್ಟೇ ಇಲ್ಲದೆ ಅದೇ ಗತಿ ಆಗಬಹುದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ತಾಯಂದಿರಿಗೆ ಆಮೇಲೆ ಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಶಕ್ತಿಯೇ ಇರುವುದಿಲ್ಲ. ಇಂಗ್ಲೆಂಡಿನ ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ವಿವರಿಸಿದ. ಇನ್ನೊಂದು ನಮ್ಮ ಹೊಲಗಳದ್ದೇ. ಕೊಳಕುಮಂಡಲ ಹಾವು ಗೊತ್ತಲ್ಲ, ನಿಮ್ಮ ತೆಲುಗು ಗೆಳೆಯರು ರಕ್ತಪಿಂಜರ ಅನ್ನುತ್ತಾರೆ. ಅದರ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಕಚ್ಚಿಸಿಕೊಂಡು ಬದುಕಿ ಉಳಿದ ಕೆಲವರ ಪಿಟ್ಯುಟರಿ ಸತ್ತುಹೋಗಿತ್ತು ಅಂತ 1987ರಲ್ಲಿ ಬರ್ಮಾ ದೇಶದಿಂದ ವರದಿ ಬಂತು. ನಮ್ಮ ದಕ್ಷಿಣ ಭಾರತದಿಂದಲೂ ಇಂಥ ವರದಿಗಳಿವೆ. ಹಾವು ಕಚ್ಚಿ ಬದುಕಿದವರು ವರ್ಷಗಟ್ಟಲೆ ಸುಸ್ತು ಅನ್ನುತ್ತಿದ್ದರೆ "ವಿಷ ಇನ್ನೂ ಮೈಯಾಗ ಅದ" ಅಂತ ಜನ ಅನ್ನುತ್ತಾರೆ. ಕೆಲವರಲ್ಲಿ ಒಳಗೆ ಉಳಿದದ್ದು ವಿಷ ಅಲ್ಲ, ಸತ್ತ ಗ್ರಂಥಿ.

ವೈದ್ಯರೂ ತಡವಾಗಿಯೇ ಕಲಿತರು

ತಲೆಬುರುಡೆಯ ತಳ ಮುರಿದ ರೋಗಿಯೊಬ್ಬನ ಪಿಟ್ಯುಟರಿ ಕೆಟ್ಟದ್ದನ್ನು ಜರ್ಮನಿಯ ವೈದ್ಯ ಸೈರಾನ್ 1918ರಲ್ಲೇ ಬರೆದಿದ್ದ. ಯಾರೂ ಹೆಚ್ಚು ಗಮನ ಕೊಡಲಿಲ್ಲ. 1942ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಪಿಟ್ಯುಟರಿ ಕೆಟ್ಟ 595 ಜನರ ಲೆಕ್ಕ ತೆಗೆದರು. ಅದರಲ್ಲಿ ತಲೆಪೆಟ್ಟಿನಿಂದ ಆದದ್ದು 4 ಮಾತ್ರ ಅಂತ ಕಂಡಿತು. ಹಾಗಾಗಿ ಇದು ಅಪರೂಪ ಅಂತ ಎಲ್ಲರೂ ನಂಬಿದರು. ತಪ್ಪು ಎಲ್ಲಿತ್ತು ನೋಡಿ: ಅವರು ಪಿಟ್ಯುಟರಿ ರೋಗಿಗಳಲ್ಲಿ ತಲೆಪೆಟ್ಟು ಹುಡುಕಿದರು, ತಲೆಪೆಟ್ಟಿನ ರೋಗಿಗಳಲ್ಲಿ ಪಿಟ್ಯುಟರಿ ಹುಡುಕಲಿಲ್ಲ. ಪ್ರಶ್ನೆ ತಿರುಗಿಸಿ ಕೇಳಿದಾಗ ಉತ್ತರವೂ ತಿರುಗಿತು. 2007ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ, ತಲೆಪೆಟ್ಟು ಬಿದ್ದ ಸುಮಾರು 1000 ಜನರ ಲೆಕ್ಕ ನೋಡಿದರು. 100ಕ್ಕೆ ಸುಮಾರು 27 ಜನರಲ್ಲಿ ಒಂದಾದರೂ ಹಾರ್ಮೋನು ಕಡಿಮೆ ಇತ್ತು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಇದಕ್ಕಿಂತ ಕಡಿಮೆ ಸಂಖ್ಯೆ ಬಂದಿದೆ. ಯಾವ ಪರೀಕ್ಷೆ ಮಾಡಿದರು, ಎಷ್ಟು ತಿಂಗಳ ಮೇಲೆ ಮಾಡಿದರು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಏನೇ ಆದರೂ 595ಕ್ಕೆ 4 ಅಂತೂ ಅಲ್ಲ. ಟರ್ಕಿಯ ಕೈಸೇರಿ ಊರಿನ ವೈದ್ಯರು ಬಾಕ್ಸಿಂಗ್ ಆಟಗಾರರನ್ನು ಪರೀಕ್ಷಿಸಿ, ದೊಡ್ಡ ಅಪಘಾತವೇ ಬೇಕಿಲ್ಲ, ಮತ್ತೆ ಮತ್ತೆ ಬಿದ್ದ ಗುದ್ದಿನಿಂದಲೂ ಬೆಳವಣಿಗೆಯ ಹಾರ್ಮೋನು ಕಡಿಮೆ ಆಗಬಹುದು ಅಂತ ತೋರಿಸಿದರು.

ನೀರು ಕುಡಿಯುವ ಹುಡುಗನನ್ನು ಬೈಯಬೇಡಿ

ಈಗ ಎಡಿಎಚ್ ವಿಷಯ. ನಿಮ್ಮ ವಿಸರ್ಜನೆಯ ಪಾಠ ನೆನಪು ಮಾಡಿಕೊಳ್ಳಿ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಆದರೆ ನಾವು ಹೊರಗೆ ಹಾಕುವುದು ಒಂದೆರಡು ಲೀಟರ್ ಮಾತ್ರ. ಉಳಿದದ್ದು ವಾಪಸ್ ರಕ್ತಕ್ಕೆ. ಕೊನೆಯ ಹಂತದಲ್ಲಿ ನೀರನ್ನು ವಾಪಸ್ ಎಳೆಸುವುದು ಎಡಿಎಚ್. ಪೆಟ್ಟಿನಿಂದ ಅದು ನಿಂತರೆ ತೂಬು ತೆಗೆದಿಟ್ಟ ಕೆರೆಯ ಹಾಗೆ ನೀರು ಹೋಗುತ್ತಲೇ ಇರುತ್ತದೆ. ದೊಡ್ಡವರಲ್ಲಿ ದಿನಕ್ಕೆ 3 ಲೀಟರ್ ದಾಟುತ್ತದೆ, ಕೆಲವರಿಗೆ 10 ಲೀಟರ್‌ವರೆಗೂ. ಬಣ್ಣವೇ ಇಲ್ಲದ ಮೂತ್ರ. ಬಾಯಾರಿಕೆ ತಡೆಯಲಾಗದು. ರಾತ್ರಿ ನಾಲ್ಕೈದು ಸಲ ಏಳಬೇಕು. ಚಿಕ್ಕವರು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ.

ಇದಕ್ಕೆ ಡಯಾಬಿಟಿಸ್ ಇನ್ಸಿಪಿಡಸ್ ಅಂತ ಹೆಸರು. ಡಯಾಬಿಟಿಸ್ ಅಂದ ತಕ್ಷಣ ಎಲ್ಲರೂ ಸಕ್ಕರೆ ಕಾಯಿಲೆ ಅಂದುಕೊಳ್ಳುತ್ತಾರೆ. ಸಕ್ಕರೆಗೂ ಇದಕ್ಕೂ ಸಂಬಂಧ ಇಲ್ಲ. ಇನ್ಸಿಪಿಡಸ್ ಅಂದರೆ ಸಪ್ಪೆ. ಹಿಂದಿನ ಕಾಲದ ವೈದ್ಯರು ಮೂತ್ರದ ರುಚಿ ನೋಡಿ ಸಿಹಿ ಯಾವುದು, ಸಪ್ಪೆ ಯಾವುದು ಅಂತ ಬೇರೆ ಮಾಡುತ್ತಿದ್ದರು! (ಮುಖ ಸಿಂಡರಿಸಬೇಡಿ, ಆಗ ಲ್ಯಾಬ್ ಇರಲಿಲ್ಲ.) ಈ ಹೆಸರಿನ ಗೊಂದಲದಿಂದ ಆಸ್ಪತ್ರೆಗಳಲ್ಲೂ ರೋಗಿಗಳಿಗೆ ತೊಂದರೆ ಆಗುತ್ತಿತ್ತು. ಅದಕ್ಕಾಗಿ 2022ರಲ್ಲಿ ಜಗತ್ತಿನ ಹಾರ್ಮೋನು ತಜ್ಞರು ಹೆಸರು ಬದಲಿಸಲು ಸೂಚಿಸಿದರು. ವ್ಯಾಸೋಪ್ರೆಸಿನ್ ಕೊರತೆ ಅನ್ನುವುದು ಹೊಸ ಹೆಸರು. ವ್ಯಾಸೋಪ್ರೆಸಿನ್ ಅಂದರೂ ಎಡಿಎಚ್ ಅಂದರೂ ಒಂದೇ.

ಇಂಥ ಹುಡುಗನಿಗೆ ಮನೆಯಲ್ಲಿ ಏನು ಮಾಡುತ್ತಾರೆ? "ರಾತ್ರಿ ಹಾಸಿಗಿ ಒದ್ದಿ ಮಾಡ್ತಾನ, ನೀರು ಕೊಡಬ್ಯಾಡ್ರಿ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಇದು ಅಪಾಯ. ನೀರು ಹೋಗುವುದು ನಿಲ್ಲುವುದಿಲ್ಲ, ಬರುವುದು ಮಾತ್ರ ನಿಲ್ಲುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ಎಚ್ಚರ ತಪ್ಪಬಹುದು. ಶಾಲೆಯಲ್ಲಿ ಮತ್ತೆ ಮತ್ತೆ "ಸಾರ್, ಹೊರಗೆ ಹೋಗಲಾ" ಅನ್ನುವವನನ್ನು ನಾವು ತಡೆಯುವುದೂ ಇಂಥದೇ ತಪ್ಪು. ಪೆಟ್ಟು ಬಿದ್ದ ಮೊದಲ ವಾರಗಳಲ್ಲಿ ಇದು ಕಾಣಿಸಿಕೊಂಡು ಬಹಳ ಜನರಿಗೆ ತಾನಾಗಿ ಹೋಗುತ್ತದೆ. ಉಳಿದರೆ ಡೆಸ್ಮೋಪ್ರೆಸಿನ್ ಅನ್ನುವ ಔಷಧ ಇದೆ. ಗುಳಿಗೆ ಅಥವಾ ಮೂಗಿಗೆ ಹಾಕುವ ಸ್ಪ್ರೇ. ಅದು ಎಡಿಎಚ್ ಕೆಲಸವನ್ನೇ ಮಾಡುತ್ತದೆ.

ಎಲ್ಲಕ್ಕಿಂತ ಅವಸರದ್ದು ಕಾರ್ಟಿಸಾಲ್

ಕಾರ್ಟಿಸಾಲ್ ಕಡಿಮೆ ಆದವರು ಬೆಳಿಗ್ಗೆ ಏಳಲಾರರು. ನಿಂತರೆ ಕಣ್ಣು ಕತ್ತಲೆ, ಊಟ ಸೇರದು, ವಾಂತಿ, ತೂಕ ಇಳಿಯುವುದು, ರಕ್ತದ ಸಕ್ಕರೆ ಬೀಳುವುದು. ಸಾಮಾನ್ಯ ದಿನಗಳಲ್ಲಿ ಹೇಗೋ ನಡೆದುಹೋಗುತ್ತದೆ. ಜ್ವರವೋ ಭೇದಿಯೋ ಬಂದರೆ ಆರೋಗ್ಯವಂತರ ದೇಹ ಕಾರ್ಟಿಸಾಲನ್ನು ಹಲವು ಪಟ್ಟು ಹೆಚ್ಚಿಸಿ ತಡೆದುಕೊಳ್ಳುತ್ತದೆ. ಇವರ ದೇಹಕ್ಕೆ ಅದು ಆಗದು. ಬಿಪಿ ಬಿದ್ದು ಜೀವಕ್ಕೇ ಬರಬಹುದು. ಹಾಗಾಗಿ ಪಿಟ್ಯುಟರಿ ಕೆಟ್ಟಿದೆ ಅಂತ ಅನುಮಾನ ಬಂದರೆ ವೈದ್ಯರು ಮೊದಲು ನೋಡುವುದು ಇದನ್ನೇ. ಬೆಳಿಗ್ಗೆ 8 ಗಂಟೆ ಹೊತ್ತಿಗೆ ರಕ್ತ ತೆಗೆಯುತ್ತಾರೆ, ಯಾಕೆಂದರೆ ಕಾರ್ಟಿಸಾಲ್ ದಿನದಲ್ಲಿ ಅತಿ ಹೆಚ್ಚು ಇರುವುದು ಆಗ. ಆಗಲೇ ಕಡಿಮೆ ಇದ್ದರೆ ಗೊತ್ತಾಗುತ್ತದೆ.

ಕೊರತೆ ಸಿಕ್ಕಿದರೆ ಹೈಡ್ರೋಕಾರ್ಟಿಸೋನ್ ಗುಳಿಗೆ. ದಿನಕ್ಕೆ ಎರಡು ಮೂರು ಸಲ. ಥೈರಾಕ್ಸಿನ್ನೂ ಕಡಿಮೆ ಇದ್ದರೆ ಮೊದಲು ಕಾರ್ಟಿಸಾಲ್ ಸರಿಪಡಿಸಿ ಆಮೇಲೆ ಥೈರಾಕ್ಸಿನ್ ಕೊಡಬೇಕು. ಹಿಂದುಮುಂದಾದರೆ ಇದ್ದ ಅಲ್ಪಸ್ವಲ್ಪ ಕಾರ್ಟಿಸಾಲ್ ಬೇಗ ಕರಗಿ ರೋಗಿ ಕುಸಿಯಬಹುದು. ನಮ್ಮ ಕಡೆ "ಸ್ಟಿರಾಯ್ಡ್ ಅಂದ್ರ ಕೆಟ್ಟದ್ದು" ಅನ್ನುವ ಮಾತಿದೆ. ಬೇಕಿಲ್ಲದವರಿಗೆ ಕೊಡುವುದು ಕೆಟ್ಟದ್ದು, ನಿಜ. ಆದರೆ ದೇಹವೇ ತಯಾರಿಸಬೇಕಾದದ್ದನ್ನು ತಯಾರಿಸದಿದ್ದಾಗ ಅಷ್ಟನ್ನೇ ಹೊರಗಿನಿಂದ ಕೊಡುವುದು ಬೇರೆ ಮಾತು. ಇಂಥವರು ಯಾರದೋ ಮಾತು ಕೇಳಿ ಗುಳಿಗೆ ಥಟ್ಟನೆ ಬಿಟ್ಟರೆ ಪ್ರಾಣಕ್ಕೆ ಅಪಾಯ. ಜ್ವರ ಬಂದ ದಿನ ಎಷ್ಟು ಹೆಚ್ಚಿಸಬೇಕು ಅನ್ನುವುದನ್ನು ವೈದ್ಯರಿಂದ ಬರೆಸಿಕೊಂಡು ಜೇಬಿನಲ್ಲಿ ಇಟ್ಟುಕೊಂಡಿರಬೇಕು.

ಬೆಳವಣಿಗೆಯ ಹಾರ್ಮೋನಿನ ಪರೀಕ್ಷೆ ಸ್ವಲ್ಪ ಕಷ್ಟ. ಅದು ದಿನವಿಡೀ ಒಂದೇ ಸಮ ಇರುವುದಿಲ್ಲ, ಅಲೆಯಲೆಯಾಗಿ ಬರುತ್ತದೆ. ಒಂದು ಸಲ ರಕ್ತ ತೆಗೆದರೆ ಏನೂ ತಿಳಿಯದು. ಔಷಧ ಕೊಟ್ಟು ಗ್ರಂಥಿಯನ್ನು ಎಬ್ಬಿಸಿ, ಹಲವು ಸಲ ರಕ್ತ ತೆಗೆದು ನೋಡುತ್ತಾರೆ. ಕಡಿಮೆ ಇದ್ದು, ಮೂಳೆಗಳ ಬೆಳೆಯುವ ತುದಿಗಳು ಇನ್ನೂ ಮುಚ್ಚಿರದಿದ್ದರೆ, ಚುಚ್ಚುಮದ್ದಿನಿಂದ ಎತ್ತರ ಮತ್ತೆ ಬೆಳೆಯುತ್ತದೆ. ತಡ ಮಾಡಿದಷ್ಟೂ ಅವಕಾಶ ಹೋಗುತ್ತದೆ, ಹಾಗಾಗಿ ಮಕ್ಕಳ ವಿಷಯದಲ್ಲಿ ಸಮಯ ಮುಖ್ಯ.

ಒಂದು ಸಮಾಧಾನದ ಮಾತು. ಪೆಟ್ಟು ಬಿದ್ದ ಹೊಸದರಲ್ಲಿ ಕಡಿಮೆ ಆದ ಹಾರ್ಮೋನುಗಳು ಎಷ್ಟೋ ಮಕ್ಕಳಲ್ಲಿ ವರ್ಷದೊಳಗೆ ಸರಿಹೋಗುತ್ತವೆ. ಕೆಲವರಲ್ಲಿ ಉಲ್ಟಾ, ಮೊದಲು ಸರಿ ಇದ್ದು ತಿಂಗಳುಗಳ ಮೇಲೆ ಕಡಿಮೆ ಆಗುತ್ತವೆ. ಅದಕ್ಕೇ ಒಂದು ಸಲ ನೋಡಿ ಬಿಡುವುದಿಲ್ಲ. ಮೂರರಿಂದ ಆರು ತಿಂಗಳಿಗೆ, ಮತ್ತೆ ಒಂದು ವರ್ಷಕ್ಕೆ ನೋಡುತ್ತಾರೆ. ಇನ್ನೊಂದು ಮಾತು: ಸುಸ್ತು ಅಂದವರಿಗೆಲ್ಲ ಪಿಟ್ಯುಟರಿ ಕೆಟ್ಟಿದೆ ಅಂತ ನಾಳೆಯಿಂದ ಓಣಿಯಲ್ಲಿ ಹೇಳುತ್ತಾ ತಿರುಗಬೇಡಿ. ರಕ್ತಹೀನತೆ ಇರಬಹುದು, ನಿದ್ದೆ ಸಾಲದೇ ಇರಬಹುದು, ಪೆಟ್ಟಿನಿಂದ ಮಿದುಳೇ ಬೇಗ ದಣಿಯುತ್ತಿರಬಹುದು. ಯಾವುದು ಅಂತ ಹೇಳಬೇಕಾದವರು ವೈದ್ಯರು. ಪಿಟ್ಯುಟರಿಯೂ ಇರಬಹುದು ಅನ್ನುವ ಪ್ರಶ್ನೆ ಅವರ ಮುಂದೆ ಬರುವ ಹಾಗೆ ಮಾಡುವುದು ನಮ್ಮ ಕೆಲಸ.

ನೀವು ಬರೆದುಕೊಡಬೇಕಾದ ಚೀಟಿ

ಪ್ರಶ್ನೆ ಅವರ ಮುಂದೆ ಬರದೇ ಇರುವುದು ಯಾಕೆ? ಪೆಟ್ಟು ಬಿದ್ದದ್ದು ಒಂದು ವರ್ಷದ ಹಿಂದೆ, ಸುಸ್ತು ಈಗ. ಎರಡಕ್ಕೂ ಸಂಬಂಧ ಇದೆ ಅಂತ ಮನೆಯವರಿಗೆ ಹೊಳೆಯುವುದಿಲ್ಲ, ಹಾಗಾಗಿ ಹೇಳುವುದಿಲ್ಲ. ಪಟ್ಟಿ ಕಟ್ಟಿದ ದವಾಖಾನೆ ಒಂದು, ಈಗ ಹೋಗುವ ದವಾಖಾನೆ ಇನ್ನೊಂದು. ನಮಗೆ ಇನ್ನೊಂದು ತೊಡಕೂ ಇದೆ. ಜಹೀರಾಬಾದಿನವರು ಒಮ್ಮೆ ಬೀದರಿಗೆ ಹೋಗುತ್ತಾರೆ, ಒಮ್ಮೆ ಹೈದರಾಬಾದಿಗೆ. ಅವ್ವ ಕನ್ನಡದಲ್ಲಿ ಹೇಳುತ್ತಾಳೆ, ಡಾಕ್ಟರು ತೆಲುಗಿನಲ್ಲಿ ಕೇಳುತ್ತಾರೆ, ರಿಪೋರ್ಟು ಇಂಗ್ಲಿಷಿನಲ್ಲಿ ಬರುತ್ತದೆ. ನಡುವೆ ಎಷ್ಟೋ ಮಾತು ಬಿದ್ದುಹೋಗುತ್ತದೆ. ಮೂರೂ ಭಾಷೆ ಅಷ್ಟಿಷ್ಟು ಬಲ್ಲವರು ಮನೆಯಲ್ಲಿ ಯಾರು? ನೀವೇ.

ಆದ್ದರಿಂದ ಒಂದು ಹಾಳೆ ತೆಗೆದುಕೊಂಡು ಹೀಗೆ ಬರೆದುಕೊಡಿ: ಪೆಟ್ಟು ಬಿದ್ದ ತಾರೀಖು, ಎಷ್ಟು ಹೊತ್ತು ಎಚ್ಚರ ಇರಲಿಲ್ಲ, ಯಾವ ದವಾಖಾನೆಯಲ್ಲಿ ಎಷ್ಟು ದಿನ ಇದ್ದರು, ಸಿಟಿ ಸ್ಕ್ಯಾನ್ ಆಗಿತ್ತೋ ಇಲ್ಲವೋ. ಆಮೇಲೆ ಏನೇನು ಬದಲಾಯಿತು, ಯಾವ ತಿಂಗಳಿನಿಂದ. ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ, ಒಂದು ಲೀಟರ್ ಬಾಟಲಿಯಿಂದ ಎಣಿಸಿ. ಮಕ್ಕಳಾದರೆ ಎತ್ತರ, ಹೆಣ್ಣುಮಕ್ಕಳಾದರೆ ಮುಟ್ಟು ನಿಂತಿದೆಯೋ ಹೇಗೆ. ಕೊನೆಗೆ ಒಂದು ಸಾಲು: "ಪಿಟ್ಯುಟರಿ ಹಾರ್ಮೋನು ಪರೀಕ್ಷೆ ಬೇಕಾಗಬಹುದೇ?" ಇದನ್ನು ಕೇಳುವುದು ಡಾಕ್ಟರಿಗೆ ಅಗೌರವ ಅಲ್ಲ. ಹಾರ್ಮೋನು ತಜ್ಞರಿಗೆ ಎಂಡೋಕ್ರಿನಾಲಜಿಸ್ಟ್ ಅನ್ನುತ್ತಾರೆ. ಹೈದರಾಬಾದಿನ ನಿಮ್ಸ್ ಮತ್ತು ಉಸ್ಮಾನಿಯಾ ಆಸ್ಪತ್ರೆಗಳಲ್ಲಿ ಆ ವಿಭಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳು, ನರಗಳ ತೊಂದರೆಯಿಂದ ಚೇತರಿಸಿಕೊಳ್ಳುವವರಿಗೆ ಬೇರೆ ವಿಭಾಗ ಇದೆ.

ಇನ್ನು ಪೆಟ್ಟು ಬೀಳದ ಹಾಗೆ ನೋಡಿಕೊಳ್ಳುವ ಮಾತು. ಜಹೀರಾಬಾದಿನ ನಡುವೆ 65ನೇ ನಂಬರ್ ಹೆದ್ದಾರಿ ಹೋಗುತ್ತದೆ, ತಾಂಡೂರಿನಲ್ಲಿ ಕಲ್ಲಿನ ಗಣಿಯ ಲಾರಿಗಳು, ಎಲ್ಲ ಕಡೆ ಟ್ರಾಕ್ಟರ್ ಟ್ರಾಲಿಯ ಮೇಲೆ ಕೂತು ಹೋಗುವವರು. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಜನ ಹಿಂದೆ ಕುಳಿತವರು. ಹಿಂದೆ ಕೂರುವವರು ಅಂದರೆ ಹೆಚ್ಚಾಗಿ ನೀವು, ನಿಮ್ಮ ಅವ್ವ, ನಿಮ್ಮ ತಂಗಿ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಅಂತ ಕಾನೂನೇ ಇದೆ. ಹಲವು ದೇಶಗಳ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಹೆಲ್ಮೆಟ್ಟಿನಿಂದ ತಲೆಪೆಟ್ಟು ಸುಮಾರು 69% ಕಡಿಮೆ ಆಗುತ್ತದೆ ಅಂತ ಕಂಡಿದೆ. ಐಎಸ್‌ಐ ಗುರುತು ಇರಲಿ, ಗದ್ದದ ಪಟ್ಟಿ ಬಿಗಿದಿರಲಿ. ಪಟ್ಟಿ ಬಿಗಿಯದ ಹೆಲ್ಮೆಟ್ ತಲೆಗಿಂತ ಮೊದಲು ರಸ್ತೆಗೆ ಹಾರುತ್ತದೆ.

ಯಾರಾದರೂ ಬಿದ್ದದ್ದು ಕಂಡರೆ 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಕುತ್ತಿಗೆ ತಿರುಚುವ ಹಾಗೆ ಎತ್ತಬೇಡಿ. ನೆರವಿಗೆ ಹೋದವರಿಗೆ ಪೊಲೀಸ್ ತೊಂದರೆ ಆಗದಂತೆ 2019ರ ತಿದ್ದುಪಡಿಯಲ್ಲಿ ರಕ್ಷಣೆ ಕೊಟ್ಟಿದ್ದಾರೆ.

ಮಾಡಿ ನೋಡಿ

ತರಗತಿಯ ಗೋಡೆಯ ಮೇಲೆ ಸೆಂಟಿಮೀಟರ್ ಪಟ್ಟಿ ಬರೆಯಿರಿ. ಜೂನ್ ತಿಂಗಳಲ್ಲಿ ಒಮ್ಮೆ, ಡಿಸೆಂಬರ್ ತಿಂಗಳಲ್ಲಿ ಒಮ್ಮೆ, ಚಪ್ಪಲಿ ಬಿಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆಯ ಮೇಲೆ ರಟ್ಟು ಅಡ್ಡ ಇಟ್ಟು ಎಲ್ಲರ ಎತ್ತರ ಗುರುತಿಸಿ. ಶಾಲೆಯ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ. ದೊಡ್ಡವರಾಗುವ ವಯಸ್ಸಿನಲ್ಲಿ ಇನ್ನೂ ಹೆಚ್ಚು, ಆಮೇಲೆ ನಿಧಾನವಾಗಿ ನಿಲ್ಲುತ್ತದೆ. ಯಾರು ಎತ್ತರ, ಯಾರು ಗಿಡ್ಡ ಅಂತ ನೋಡುವುದಲ್ಲ. ತಮ್ಮ ಹಳೆಯ ಗೆರೆಯಿಂದ ಎಷ್ಟು ಮೇಲೆ ಬಂದಿದ್ದಾರೆ ಅಂತ ನೋಡಬೇಕು. ಯಾರದಾದರೂ ಎರಡು ಗೆರೆಗಳು ಒಂದರ ಮೇಲೊಂದು ಬಿದ್ದರೆ ವಿಜ್ಞಾನದ ಮೇಷ್ಟ್ರಿಗೆ ಗುಟ್ಟಾಗಿ ತೋರಿಸಿ. ತಲೆಗೆ ಹಿಂದೆ ಯಾವಾಗಲಾದರೂ ಪೆಟ್ಟು ಬಿದ್ದಿತ್ತಾ ಅಂತ ಅವರು ಕೇಳಲಿ.